ನಡುವಿನ ಸೈಜು ಇಲ್ರಿ

(ಧಾರವಾಡ ಸೀಮೆಯ ಒಂದು ಖಾದಿ ಅಂಗಡಿ. ಗೋಡೆಯ ಮೇಲೆ ಗಾಂಧೀಜಿ, ಕೆಳಗೆ ಬೀಗ ಹಾಕಿದ ಗಾಜಿನ ಕಪಾಟು.)

ಗಿರಾಕಿ: 40ರ ಜುಬ್ಬಾ ತೋರಸ್ರಿ.

ಅಂಗಡಿಯವ: 38 ಅದ, 44 ಅದ.

ಗಿರಾಕಿ: ನಡುವಿಂದು?

ಅಂಗಡಿಯವ: ನಡುವಿನ ಮಂದಿ ಖಾದಿ ಹಾಕೂದಿಲ್ರಿ. 38 ಹೋರಾಟಗಾರರಿಗೆ, 44 ಮಂತ್ರಿಗಳಿಗೆ.

ಗಿರಾಕಿ: 44 ಕೊಡ್ರಿ. ಒಗದ ಮ್ಯಾಲೆ ಕುಗ್ಗತದಲ್ಲ?

ಅಂಗಡಿಯವ: ಉದ್ದ ಕುಗ್ಗತದ್ರಿ. ಅಗಲ ಹಂಗ ಇರತದ.

ಗಿರಾಕಿ: ಅರಿವಿನರ ಕೊಡ್ರಿ, ಹೊಲಿಸ್ಕೋತೀನಿ.

ಅಂಗಡಿಯವ: ಕಪಾಟಿನ್ಯಾಗ ಅದ. ಕೀಲಿ ಮ್ಯಾನೇಜರ್ ಹತ್ರ. ಅವರು ಊಟಕ್ಕ ಹೋಗ್ಯಾರ.

ಗಿರಾಕಿ: ಯಾವಾಗ ಬರ್ತಾರ?

ಅಂಗಡಿಯವ: ಅವರು ಬರೂದ್ರಾಗ ನನ್ನ ಊಟದ ಹೊತ್ತಾಗತದ.

ಗಿರಾಕಿ: ಕೈಲೆ ನೂತು, ಕೈಮಗ್ಗದಾಗ ನೇಯ್ದ ಅರಿವಿ ಅಂತ ಪ್ರೀತಿಲೆ ಬಂದೀನ್ರೀ! ಇಲ್ಲೇ ಹುಬ್ಬಳ್ಳಿ ಬೆಂಗೇರಿಯೊಳಗ ದೇಶದ ಬಾವುಟ ಹೊಲೀತಾರ, ನನಗೊಂದು ಜುಬ್ಬಾ ಇಲ್ಲಂದ್ರ?

ಅಂಗಡಿಯವ: ಬಾವುಟಕ್ಕ ಅಳತಿ ಪಕ್ಕಾ ಇರತದ್ರಿ, 3ಕ್ಕ 2. ನಿಮ್ಮ ಹೊಟ್ಟಿ ಹಂಗಿಲ್ಲ. ಅದೂ ಅಲ್ದ 2021ರಾಗ ಧ್ವಜ ಸಂಹಿತೆ ತಿದ್ದಿ, ಬಾವುಟ ಪಾಲಿಯೆಸ್ಟರ್‌ದ್ದೂ ನಡೀತದ ಅಂದಾರ.

ಗಿರಾಕಿ: (ಗೋಡೆಯತ್ತ ನೋಡಿ) ಅವರಿಗೆ ಗೊತ್ತದಾ?

ಅಂಗಡಿಯವ: ಅವರು ಜುಬ್ಬಾನ ಹಾಕತಿದ್ದಿಲ್ಲ ಬಿಡ್ರಿ.

ಗಿರಾಕಿ: ಹೋಗ್ಲಿ, ಒಂದು ಕರವಸ್ತ್ರ ಕೊಡ್ರಿ.

ಅಂಗಡಿಯವ: ಈಗ್ಯಾಕ್ರಿ? ಅಕ್ಟೋಬರ್ 2ಕ್ಕ ಬರ್ರಿ, ರಿಯಾಯಿತಿ ಇರತದ.

ಗಿರಾಕಿ: ಆವಾಗ 40 ಬಂದಿರತದ?

ಅಂಗಡಿಯವ: ಆವಾಗ ಬರೇ ಮಂದಿ ಬಂದಿರತಾರ.

(ಗಿರಾಕಿ ಒಂದು ಬಾಟಲಿ ಜೇನುತುಪ್ಪ, ಎರಡು ಬೇವಿನ ಸಾಬೂನು ಕೊಂಡು ಹೊರಟ. ಜುಬ್ಬಾ ಕೊಳ್ಳಲು ಹೋದವರ ಮನೆಯಲ್ಲೆಲ್ಲ ಇವು ಧಾರಾಳವಾಗಿ ಸಿಗುತ್ತವೆ. ರಸೀದಿಯನ್ನು ಮಾತ್ರ ಮೂರು ಪ್ರತಿಯಲ್ಲಿ ಬರೆಯಲಾಯಿತು.)