ಮಾವನ ತತ್ತ್ವಮೀಮಾಂಸೆ

(ಮೈಸೂರಿನ ಒಂದು ಮದುವೆಮನೆ. ಎರಡನೇ ಪಂಕ್ತಿ. ಎಲೆಗೆ ಪಾಯಸ ಬೀಳುವ ಹೊತ್ತು.)

ಮಾವ: ಏನೋ, ಮಾನಸಗಂಗೋತ್ರೀಲಿ ಎಂ.ಎ. ಸೇರ್ಕೊಂಡ್ಯಂತೆ. ಯಾವ ಸಬ್ಜೆಕ್ಟು?

ಅಳಿಯ: ತತ್ತ್ವಶಾಸ್ತ್ರ, ಮಾವ.

ಮಾವ: ಅಯ್ಯೋ ಶಿವನೇ! ಯಾವಳಾದ್ರೂ ಕೈಕೊಟ್ಳೇನೋ?

ಅಳಿಯ: ಇಲ್ಲ, ಇಷ್ಟಪಟ್ಟೇ ಸೇರಿದ್ದು.

ಮಾವ: ಅದನ್ನ ನಂಬ್ಕೊಂಡು ಉದ್ಧಾರ ಆದೋರು ಯಾರಿದ್ದಾರೆ?

ಅಳಿಯ: ರಾಧಾಕೃಷ್ಣನ್. 1918ರಿಂದ 1921ರವರೆಗೆ ನಮ್ಮ ಮಹಾರಾಜ ಕಾಲೇಜಲ್ಲೇ ಇದೇ ಪಾಠ ಹೇಳ್ತಿದ್ರು. ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳೇ ಅವರ ಗಾಡಿ ಎಳ್ಕೊಂಡು ಸ್ಟೇಷನ್ನಿಗೆ ಬಿಟ್ಟುಬಂದ್ರು.

ಮಾವ: ನೋಡಿದ್ಯಾ? ಆ ಕಾಲಕ್ಕೇ ಓದಿದೋರಿಗೆ ಗಾಡಿ ಎಳೆಯೋ ಕೆಲಸ!

ಅಳಿಯ: ಆಮೇಲೆ ಅವರು ರಾಷ್ಟ್ರಪತಿ ಆದ್ರಲ್ಲ.

ಮಾವ: ಆ ಪೋಸ್ಟಿಗೆ ಅರ್ಜಿ ಕರೀತಾರೇನೋ? ಹೋಗ್ಲಿ, ಏನು ಕಲಿಸ್ತಾರೆ?

ಅಳಿಯ: ನ್ಯಾಯದರ್ಶನ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಅಂತ ನಾಲ್ಕು ಪ್ರಮಾಣ. ಬೆಟ್ಟದ ಮೇಲೆ ಹೊಗೆ ಕಂಡ್ರೆ ಅಲ್ಲಿ ಬೆಂಕಿ ಇದೆ ಅಂತ ಅನುಮಾನದಿಂದ ತಿಳೀಬೇಕು.

ಮಾವ: ಅದಕ್ಕೆ ಎರಡು ವರ್ಷ ಯಾಕೋ? ಫೈರ್ ಇಂಜಿನ್ನಿಗೆ ಫೋನ್ ಮಾಡಿದ್ರೆ ಮುಗೀತು.

ಅಳಿಯ: ಆದ್ರೆ ಚಾರ್ವಾಕರು ಅನುಮಾನ ಒಪ್ಪಲ್ಲ. ಕಣ್ಣಾರೆ ಕಂಡದ್ದೇ ಪ್ರಮಾಣ ಅಂತಾರೆ.

ಮಾವ: ಹೆಣ್ಣು ಕೊಡೋರೂ ಅದೇ ಪಂಥ. ಸ್ಯಾಲರಿ ಸ್ಲಿಪ್ಪು ಪ್ರತ್ಯಕ್ಷ ಆಗ್ಬೇಕು.

ಅಳಿಯ: ಭಾವ ಇಂಜಿನಿಯರಿಂಗ್ ಮುಗಿಸಿದ್ರಲ್ಲ, ಈಗೆಲ್ಲಿದ್ದಾರೆ?

ಮಾವ: (ದನಿ ತಗ್ಗಿಸಿ) ಮನೇಲೇ. ಐಎಎಸ್‌ಗೆ ಓದ್ತಿದ್ದಾನೆ.

ಅಳಿಯ: ಐಚ್ಛಿಕ ವಿಷಯ ಏನು ತಗೊಂಡಿದ್ದಾರೆ?

ಮಾವ: ಅದೇ... ತತ್ತ್ವಶಾಸ್ತ್ರ. ಸಿಲಬಸ್ಸು ಚಿಕ್ಕದಂತೆ. ನಿನ್ನ ನೋಟ್ಸು ಒಂದು ಸೆಟ್ ಜೆರಾಕ್ಸ್ ಮಾಡಿಸ್ಕೊಡೋ. ಯಾರಿಗೂ ಹೇಳ್ಬೇಡ!