ಶೀತಪೇಟಿಕಾ ಪ್ರತಿಷ್ಠಾ ಮೀಮಾಂಸೆ

ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳಿವೆ, ನಾಗಮಂಗಲದವು ಏಳನೆಯದರಲ್ಲಿ. ಕೆರೆ ಕಟ್ಟಿಸಿದವರು, ಗದ್ದೆ ಬಿಟ್ಟವರು, ತುರುಗಾಳಗದಲ್ಲಿ ಮಡಿದವರು, ನಂದಾದೀಪಕ್ಕೆ ಎಣ್ಣೆ ಕೊಟ್ಟವರು ಎಲ್ಲರೂ ಅಲ್ಲಿ ಸಿಗುತ್ತಾರೆ. ಫ್ರಿಜ್ಜು ತಂದವರು ಮಾತ್ರ ಒಬ್ಬರೂ ಇಲ್ಲ. ಇಂಥ ಘೋರ ಮೌನವನ್ನು ಪೂರ್ವಸೂರಿಗಳು ಗಮನಿಸದೆ ಹೋದದ್ದರಿಂದ, ಆ ಭಾರ ಈ ಬಡ ಸಂಶೋಧಕನ ಹೆಗಲಿಗೆ ಬಿದ್ದಿದೆ.

ಮೊದಲು ಕಾಲನಿರ್ಣಯ. ಟಿಪ್ಪು ಸುಲ್ತಾನ್ ದರಿಯಾ ದೌಲತ್ತಿನಲ್ಲಿ ಕೂತು ಐಸ್ ಹಾಕಿದ ಶರಬತ್ತು ಕುಡಿಯುತ್ತಿದ್ದ ಎಂದು ಯಾರಾದರೂ ವಾದಿಸಿದರೆ ನಂಬಬಾರದು. ಅಮೆರಿಕದ ಬಾಸ್ಟನ್ ಕಡೆಯ ಕೆರೆಗಳ ಮಂಜುಗಡ್ಡೆ ಹಡಗೇರಿ ಕಲ್ಕತ್ತೆಗೆ ಬಂದಿಳಿದದ್ದು 1833ರಲ್ಲಿ. ಮದರಾಸಿನ ಐಸ್ ಹೌಸ್ ಎದ್ದದ್ದು 1842ರಲ್ಲಿ. ಟಿಪ್ಪು ಮಡಿದದ್ದು 1799ರಲ್ಲಿ. ಶರಬತ್ತು ತಣ್ಣಗಿತ್ತೆಂದರೆ ಅದು ಹೂಜಿಯ ಪುಣ್ಯ. ಇನ್ನು ಕರೆಂಟಿನ ವಿಚಾರ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ್ದು, ಹುಟ್ಟಿದ ಊರಿನವರ ಮುಖ ಕೂಡ ನೋಡದೆ ನೆಟ್ಟಗೆ ಕೋಲಾರದ ಚಿನ್ನದ ಗಣಿಗೆ ಹೋಯಿತು; 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಗಣಿಗೆ ವರ್ಷವಿಡೀ ಕರೆಂಟು ತಪ್ಪದಿರಲಿ ಎಂಬುದು ಕನ್ನಂಬಾಡಿ ಕಟ್ಟೆ ಕಟ್ಟಲು ಇದ್ದ ಕಾರಣಗಳಲ್ಲೊಂದು. ಈ ತಾಲ್ಲೂಕುಗಳಿರುವ ಮಂಡ್ಯ ಜಿಲ್ಲೆ ಆಗಿನ್ನೂ ಇರಲಿಲ್ಲ (1939ರಲ್ಲಿ ಆದದ್ದು), ಹಾಗಾಗಿ ತಕರಾರು ಎತ್ತುವವರೂ ಇರಲಿಲ್ಲ. ಭಾರತದಲ್ಲಿ ಗೋದ್ರೆಜ್ ಕಂಪನಿ ತನ್ನ ಮೊದಲ ಫ್ರಿಜ್ಜು ತಯಾರಿಸಿದ್ದು 1958ರಲ್ಲಿ. ನಡುವಣ ಐವತ್ತಾರು ವರ್ಷ ನಮ್ಮ ಕಾವೇರಿ ಕರೆಂಟು ಊರೂರು ಅಲೆದದ್ದು ಈ ಪೆಟ್ಟಿಗೆಯ ದಾರಿ ಕಾಯುತ್ತಲೇ ಎಂಬುದು ಈ ಲೇಖಕನ ದೃಢಮತ. ಪುರಾವೆ ಕೇಳುವವರು ಅರಸಿಕರು. ಅದುವರೆಗೆ ಮನೆಮನೆಯ ಶೀತಾಗಾರವೆಂದರೆ ತೊಲೆಗೆ ನೇತುಬಿಟ್ಟ ನೆಲವು. ಅದು ಬೆಕ್ಕಿನಿಂದ ಪೂರ್ಣ ರಕ್ಷಣೆ ಕೊಡುತ್ತಿತ್ತು, ಹುಳಿಯಿಂದ ಕೊಡುತ್ತಿರಲಿಲ್ಲ.

ಸ್ಥಳನಿರ್ಣಯ ಸುಲಭ, ಏಕೆಂದರೆ ನಾಲ್ಕೂ ತಾಲ್ಲೂಕುಗಳಲ್ಲಿ ಇದಕ್ಕೆ ಒಮ್ಮತವಿದೆ: ನಡುಮನೆ, ಟೀವಿ ಪಕ್ಕ. ಬಂದ ನೆಂಟರ ಕಣ್ಣಿಗೆ ಬೀಳದ ಫ್ರಿಜ್ಜು ತಣ್ಣಗಾಗುವುದಿಲ್ಲ. ಶಾಸ್ತ್ರ ಇದನ್ನು ಬೇರೆ ಕಾರಣಕ್ಕೆ ಒಪ್ಪುತ್ತದೆ: ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡಬಾರದು. ಒಳಗಿನ ಬಿಸಿಯನ್ನೆಲ್ಲ ಹೊತ್ತು ಹಿಂಬದಿಗೋ ಪಕ್ಕಕ್ಕೋ ಸುರಿಯುವುದೇ ಅದರ ಕಸುಬು. ಗೋಡೆಗೆ ಒತ್ತಿ ನಿಲ್ಲಿಸಿ, ತಲೆಯಿಂದ ಅರ್ಧ ಮೈವರೆಗೆ ಹೂವಿನ ಚಿತ್ರದ ಕವರು ಹೊದಿಸಿದರೆ ಆ ಬಿಸಿ ಎಲ್ಲಿಗೆ ಹೋಗಬೇಕು? ಗೋಡೆಯಿಂದ ನಾಲ್ಕು ಬೆರಳಿಗೆ ಕಡಿಮೆಯಿಲ್ಲದ ಜಾಗ ಬಿಡತಕ್ಕದ್ದು. ಲಗೇಜ್ ಆಟೊದಲ್ಲಿ ಅಡ್ಡ ಮಲಗಿಸಿ ತಂದಿದ್ದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಇಳಿದಿರುತ್ತದೆ. ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಆಮೇಲೆ ಸ್ವಿಚ್ಚು ಹಾಕಬೇಕು. ಈ ಗಂಟೆಗಳಲ್ಲಿ ಅರಿಶಿನ ಕುಂಕುಮ ಇಟ್ಟು ಪೂಜೆ ಮುಗಿಸಬಹುದು. ಕಾಯಿ ಒಡೆಯುವುದು ಪ್ಲಗ್ಗಿನಿಂದ ದೂರ.

ಈಗ ಪ್ರಬಂಧದ ಹೃದಯಕ್ಕೆ ಬರೋಣ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ರಾಮಾನುಜಾಚಾರ್ಯರು ನೆಲೆಸಿದ್ದ ಕ್ಷೇತ್ರ. ಚಿತ್, ಅಚಿತ್, ಈಶ್ವರ ಎಂಬ ತತ್ತ್ವತ್ರಯವನ್ನು ಬೋಧಿಸಿದ ಬೆಟ್ಟ. ಅದೇ ಬೆಟ್ಟದ ಸುತ್ತಮುತ್ತ ಇಂದು ಪ್ಲಗ್ಗಿನ ವಿಷಯದಲ್ಲಿ ಮೂರು ಮತಗಳು ಚಾಲ್ತಿಯಲ್ಲಿವೆ. ಫೇಸ್, ನ್ಯೂಟ್ರಲ್ ಎಂಬ ಎರಡೇ ಸತ್ಯ, ಮೂರನೆಯದು ಕಂಪನಿಯವರ ಹೆಚ್ಚುಗಾರಿಕೆ ಎನ್ನುವವರು ದ್ವೈತಿಗಳು. ಕಂಬಕ್ಕೆ ಕೊಕ್ಕೆ ಹಾಕಿ, ಮೀಟರೇ ಮಿಥ್ಯೆ ಎಂದು ಸಾರುವವರು ಅದ್ವೈತಿಗಳು. ಕರೆಂಟು ಕಂಪನಿ ಸೆಸ್ಕ್‌ನವರು ಬರುವವರೆಗೆ ಇವರು ಜೀವನ್ಮುಕ್ತರು. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಉಂಟು, ಮೂರನೆಯದೇ ಮುಟ್ಟುವವರನ್ನು ಕಾಯುವುದು ಎನ್ನುವವರು ತತ್ತ್ವತ್ರಯವಾದಿಗಳು. ಸಂಖ್ಯೆಯಲ್ಲಿ ಇವರು ಅತ್ಯಲ್ಪ.

ದ್ವೈತಿಗಳ ಪೂರ್ವಪಕ್ಷವನ್ನು ಕೆ.ಆರ್.ಪೇಟೆ ಕಡೆಯ ಒಬ್ಬ ಅಜ್ಜಿಗಿಂತ ಚೆನ್ನಾಗಿ ಮಂಡಿಸಿದವರನ್ನು ನಾವು ಕಾಣೆವು. ವೈರಿಂಗಿನ ಹುಡುಗ ಬೋರ್ಡು ಬಿಚ್ಚಿ, “ಅಜ್ಜಿ, ಅರ್ಥೇ ಇಲ್ವಲ್ಲ ಇಲ್ಲಿ” ಎಂದಾಗ ಬಂದ ಉತ್ತರ ಹೀಗಿತ್ತು: “ಎಲ್ಡು ತೂತಲ್ಲೇ ಟೀವಿ ಓಡ್ತದೆ, ಮಿಕ್ಸಿ ತಿರುಗ್ತದೆ. ಇದ್ಯಾವ ದೊಡ್ಡ ದೊರೆ ಅಂತ ಮೂರು ಕೇಳ್ತದ್ಲಾ ಮಗ? ಮುರ್ದಾಕು ಅತ್ತಗೆ.” ಹುಡುಗ, “ಶಾಕ್ ಹೊಡುದ್ರೆ ನನ್ನ ಬೈಬ್ಯಾಡಿ ಕಣಜ್ಜಿ” ಎಂದಷ್ಟೇ ಹೇಳಿ ಇಕ್ಕಳ ಕೈಗೆತ್ತಿಕೊಂಡ. ಗಮನಿಸಿ, ವಾದದಲ್ಲಿ ತರ್ಕದೋಷವಿಲ್ಲ. ಎರಡರಲ್ಲಿ ಫ್ರಿಜ್ಜು ಓಡುತ್ತದೆ. ಮೂರನೆಯ ಪಿನ್ನಿಗೂ ಓಡುವುದಕ್ಕೂ ಸಂಬಂಧವೇ ಇಲ್ಲ.

ಆ ಪಿನ್ನನ್ನು ಮುರಿಯುವ ಮುನ್ನ ಒಮ್ಮೆ ಹತ್ತಿರದಿಂದ ನೋಡಬೇಕು. ಉಳಿದೆರಡಕ್ಕಿಂತ ದಪ್ಪ, ಉಳಿದೆರಡಕ್ಕಿಂತ ಉದ್ದ. ಉದ್ದ ಯಾಕೆಂದರೆ, ಚುಚ್ಚುವಾಗ ಎಲ್ಲಕ್ಕಿಂತ ಮೊದಲು ಅದು ಒಳಗೆ ಮುಟ್ಟಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಇಲಿ ಕಡಿದೋ ಹೊದಿಕೆ ಸವೆದೋ ಫೇಸ್ ವೈರು ತಗಡಿನ ಮೈಗೆ ತಾಗಿದರೆ, ಕರೆಂಟು ಈ ದಾರಿ ಹಿಡಿದು ಮಣ್ಣಿಗೆ ಇಳಿಯುತ್ತದೆ. ಈ ದಾರಿ ಇಲ್ಲದಿದ್ದರೆ ತಗಡಿನಲ್ಲೇ ನಿಂತು, ಒದ್ದೆ ಕೈಯಲ್ಲಿ ಮಜ್ಜಿಗೆ ತೆಗೆಯಲು ಬರುವವರನ್ನು ಕಾಯುತ್ತದೆ. ಎರಡು ಪಿನ್ನಿನವರಿಗಿಂತ ಉಗ್ರವಾದ ಇನ್ನೊಂದು ಶಾಖೆಯುಂಟು: ಪ್ಲಗ್ಗನ್ನೇ ಕತ್ತರಿಸಿ, ವೈರಿನ ತುದಿ ಸುಲಿದು, ತೂತಿಗೆ ಬೆಂಕಿಕಡ್ಡಿ ಜೊತೆ ಸಿಕ್ಕಿಸುವವರು. ಕರೆಂಟಿನ ತೂತಿಗೆ ಬೆಂಕಿಕಡ್ಡಿ! ಈ ಶಾಖೆಗೆ ಭಾಷ್ಯ ಬರೆಯುವ ಧೈರ್ಯ ನಮಗಿಲ್ಲ.

ದ್ವೈತಮತದ ಅನುಷ್ಠಾನದಿಂದ ಹುಟ್ಟಿದ್ದೇ ಪ್ರಸಿದ್ಧವಾದ ಚಪ್ಪಲಿ ಪ್ರಕರಣ. ಫ್ರಿಜ್ಜು ಮುಟ್ಟಿದರೆ ಜುಂ ಎನ್ನುತ್ತದೆ. ಮನೆಯವರು ವೈರಿಂಗಿನವನನ್ನು ಕರೆಸುವುದಿಲ್ಲ. ಮುಂದೆ ಒಂದು ಮಣೆ ಹಾಕುತ್ತಾರೆ, ಅಥವಾ “ಮೆಟ್ಟು ಹಾಕ್ಕಂಡು ತೆಗಿ” ಎಂದು ಸೊಸೆಗೆ ಹೇಳುತ್ತಾರೆ. ಇಲ್ಲಿ ಧರ್ಮಸಂಕಟ: ಒಳಗೆ ಚಪ್ಪಲಿ ಮೆಟ್ಟುವಂತಿಲ್ಲ, ಮೆಟ್ಟದೆ ಹಾಲು ಸಿಗುವಂತಿಲ್ಲ. ಕೆಲವು ಮನೆಗಳಲ್ಲಿ ಫ್ರಿಜ್ಜಿಗೆಂದೇ ಒಂದು ಜೊತೆ ಹವಾಯಿ ಚಪ್ಪಲಿ ಮೀಸಲಿಟ್ಟು ಸಮನ್ವಯ ಸಾಧಿಸಿದ್ದಾರೆ. ನೆಂಟರ ಮಕ್ಕಳಿಗೆ ಈ ಆಚಾರ ಗೊತ್ತಿರುವುದಿಲ್ಲ ಎಂಬುದೊಂದೇ ಅದರಲ್ಲಿರುವ ಕೊರತೆ.

ಸಿದ್ಧಾಂತ: ಅರ್ಥಿಂಗ್ ಗುಂಡಿ ತೆಗೆಸತಕ್ಕದ್ದು, ಇದ್ದಿಲು, ಉಪ್ಪು ತುಂಬಿ ಪೈಪು ನಿಲ್ಲಿಸತಕ್ಕದ್ದು. ಆದರೆ ಇಲ್ಲಿ ದೇಶಭೇದವಿದೆ. ಶ್ರೀರಂಗಪಟ್ಟಣ ಸುತ್ತಲೂ ಹೊಳೆಯಿರುವ ದ್ವೀಪ, ಪಾಂಡವಪುರದ ಹಲವು ಊರುಗಳಿಗೆ ವಿಶ್ವೇಶ್ವರಯ್ಯ ನಾಲೆಯ ನೀರು, ಅಲ್ಲಿ ಮಣ್ಣು ತಾನಾಗಿ ತೇವವಿದ್ದು ಕರೆಂಟನ್ನು ಒಪ್ಪಿಕೊಳ್ಳುತ್ತದೆ. ನಾಗಮಂಗಲದ ಕಲ್ಲುಭೂಮಿಯಲ್ಲಿ ಏಪ್ರಿಲ್ ಹೊತ್ತಿಗೆ ಗುಂಡಿ ಒಣಗಿ ಗಟ್ಟಿಯಾಗುತ್ತದೆ. ಒಣಮಣ್ಣಿಗೆ ಕರೆಂಟು ಇಳಿಯುವುದಿಲ್ಲ, ಎಂಸಿಬಿ ಬೀಳುವುದಿಲ್ಲ, ಎಲ್ಲ ಇದ್ದೂ ಇಲ್ಲದಂತೆ. ಆದ್ದರಿಂದ ಬೇಸಗೆಯಲ್ಲಿ ಗುಂಡಿಗೆ ಆಗಾಗ ಕೊಡ ನೀರು ಹುಯ್ಯುವುದು ಅಲ್ಲಿ ನಿತ್ಯಕರ್ಮ. ಟ್ಯಾಂಕರ್ ನೀರು ಕೊಂಡು ತರುವ ಮನೆಯಲ್ಲಿ ಈ ಕೊಡದ ಬಗ್ಗೆ ನಡೆಯುವ ಶಾಸ್ತ್ರಾರ್ಥ ಕೇಳುವಂಥದ್ದು. ಗುಂಡಿಯ ಜೊತೆಗೆ ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್ ಸೋರಿದರೂ ಕ್ಷಣಾರ್ಧದಲ್ಲಿ ಕಡಿಯುವ ಆರ್‌ಸಿಸಿಬಿ ಇದ್ದರೆ, ಮೀಸಲು ಚಪ್ಪಲಿ ಮತ್ತೆ ಹೊಸಿಲಾಚೆಗೆ ಹೋಗಬಹುದು.

ಉಪಯೋಗ ಪ್ರಕರಣದಲ್ಲಿ ಯುಗಾದಿಯ ಮಾರನೆಯ ದಿನದ ಹೊಸತೊಡಕೇ ಪರಮ ಪರೀಕ್ಷೆ. ಹಸಿ ಬಾಡು ಕೆಳಗಿನ ಅಂತಸ್ತಿನಲ್ಲಿ, ಮುಚ್ಚಿದ ಪಾತ್ರೆಯಲ್ಲಿ. ಮೇಲಿಟ್ಟರೆ ಅದರ ನೀರು ತೊಟ್ಟಿಕ್ಕಿ ಕೆಳಗಿನ ಮೊಸರಿಗೂ ಹಬ್ಬ. ಬೆಂದ ಸಾರನ್ನು ಆರಿಸಿ ಇಡಬೇಕು, ಆದರೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದು. ಮುದ್ದೆ ಇಟ್ಟರೆ ಮಾರನೆಯ ದಿನ ಅದನ್ನು ಶ್ರೀರಂಗಪಟ್ಟಣದ ಕೋಟೆಯ ಫಿರಂಗಿ ಗುಂಡುಗಳಿಂದ ಪ್ರತ್ಯೇಕಿಸುವುದು ಪುರಾತತ್ತ್ವ ಇಲಾಖೆಗೂ ಕಷ್ಟ. ಮೇಲುಕೋಟೆಯ ಪುಳಿಯೋಗರೆ ಗೊಜ್ಜಿಗೆ ಫ್ರಿಜ್ಜಿನ ಹಂಗಿಲ್ಲ. ಹುಣಸೆಯ ಹುಳಿ, ಉಪ್ಪು, ಎಣ್ಣೆ ಮೂರೂ ಸೇರಿ ಅದನ್ನು ಕಾಯುತ್ತವೆ (ಇದೂ ತತ್ತ್ವತ್ರಯ). ತಾತನ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ. ಫ್ರೀಜರಿಗೆ ಹಾಕಿ ಗಡ್ಡೆ ಕಟ್ಟಿಸಿದರೆ ಔಷಧ ಹೋಯಿತು. ಬಾಗಿಲು ತೆರೆದಿಟ್ಟು ಫೋನಿನಲ್ಲಿ ಮಾತಾಡುವವರಿಗಾಗಿ ಫ್ರಿಜ್ಜಿನ ಮೇಲೆ ಈ ಶಾಪಾಶಯ ಕೆತ್ತಿಸಬಹುದು: “ಈ ಕದಮಂ ತೆರೆದಿಟ್ಟು ಮಾತಾಡುತ್ತೆ ನಿಂದವಂ ಕನ್ನಂಬಾಡಿಯೊಳ್ ಸಾಸಿರ ಯೂನಿಟ್ಟಂ ಕೊಂದ ಪಾಪಕ್ಕೆ ಪೋಗುಂ.” 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಶಾಪದ ಭಯ ತಗ್ಗಿದೆ; 200 ಯೂನಿಟ್ಟಿನ ಗೆರೆ ದಾಟಿ ಪೂರ್ತಿ ಬಿಲ್ಲು ಬಂದ ತಿಂಗಳು ಮರುಕಳಿಸುತ್ತದೆ.

ಕರೆಂಟು ಹೋದಾಗ ಬಾಗಿಲು ಮುಚ್ಚಿಯೇ ಇದ್ದರೆ ಸುಮಾರು ನಾಲ್ಕು ಗಂಟೆ ತಂಪು ನಿಲ್ಲುತ್ತದೆ. ನಿಂತಿದೆಯೇ ಎಂದು ತೆಗೆದು ನೋಡಿದರೆ ನಿಲ್ಲುವುದಿಲ್ಲ. ಕರೆಂಟು ಬಂದು ಹೋಗಿ ಆಟವಾಡುತ್ತಿದ್ದರೆ ಸ್ವಿಚ್ಚು ಆರಿಸಿ ಐದು ನಿಮಿಷ ಬಿಟ್ಟು ಹಾಕಿ, ಇಲ್ಲವೇ ಅಷ್ಟು ಹೊತ್ತು ತಾನೇ ತಡೆಯುವ ಸ್ಟೆಬಿಲೈಸರ್ ಇಡಿ. ಹಿಂಬದಿಯ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ. ಡೆಂಗಿ ಸೊಳ್ಳೆ ಅಲ್ಲಿ ಸಂಸಾರ ಹೂಡುತ್ತದೆ.

ಅನಿಲದ ವಿಷಯದಲ್ಲಿ ಐನ್‌ಸ್ಟೈನರೂ ನಮ್ಮ ಭಾಷ್ಯಕಾರರೇ. ಬರ್ಲಿನ್ನಿನಲ್ಲಿ ಫ್ರಿಜ್ಜಿನಿಂದ ಸೋರಿದ ವಿಷಾನಿಲಕ್ಕೆ ಒಂದು ಕುಟುಂಬವೇ ಸತ್ತ ಸುದ್ದಿ ಓದಿ ಅವರು, ಸಿಲಾರ್ಡ್ ಎಂಬ ಭೌತವಿಜ್ಞಾನಿಯ ಜೊತೆ ಸೇರಿ, ಚಲಿಸುವ ಭಾಗವೇ ಇಲ್ಲದ ಫ್ರಿಜ್ಜು ಯೋಜಿಸಿ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಲೋಕ ಅದನ್ನು ಬಿಟ್ಟು ಫ್ರಿಯಾನ್ ಹಿಡಿಯಿತು. ಅದರಿಂದ ಓಜೋನ್ ಪದರ ತೂತಾಗಿ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಈಗಿನ ಬಹುಪಾಲು ಫ್ರಿಜ್ಜುಗಳಲ್ಲಿರುವುದು ಐಸೋಬ್ಯುಟೇನ್. ಕೆಲವು ಹತ್ತು ಗ್ರಾಮಿನಷ್ಟೇ, ಆದರೆ ಉರಿಯುವಂಥದ್ದು. ಆದ್ದರಿಂದ ಫ್ರೀಜರಿನ ಮಂಜನ್ನು ಚಾಕು, ಕುಡುಗೋಲಿನಿಂದ ಕೆತ್ತಬಾರದು. ಸ್ವಿಚ್ಚು ಆರಿಸಿ ಬಾಗಿಲು ತೆಗೆದಿಟ್ಟರೆ ಅದೇ ಕರಗುತ್ತದೆ. ಅಡುಗೆ ಗ್ಯಾಸು ಸೋರಿದ ವಾಸನೆ ಬಂದಾಗ ಕಿಟಕಿ ತೆಗೆಯಿರಿ, ಫ್ರಿಜ್ಜಿನ ಬಾಗಿಲಲ್ಲ. ಒಳಗಿನ ದೀಪದ ಸ್ವಿಚ್ಚಿನ ಒಂದು ಕಿಡಿ ಸಾಕು.

ಕೊನೆಯದು ಅಪರಕ್ರಿಯೆ. ನಮ್ಮ ಕಡೆ ಫ್ರಿಜ್ಜು ಸಾಯುವುದಿಲ್ಲ, ಆಶ್ರಮ ಬದಲಿಸುತ್ತದೆ. ಕಂಪ್ರೆಸರ್ ಹೋದದ್ದು ಕೊಟ್ಟಿಗೆ ಸೇರಿ ಹುರುಳಿ, ಹಿಂಡಿ, ಹಳೇ ಪಹಣಿಗಳ ಭಂಡಾರವಾಗುತ್ತದೆ. ಮೊದಮೊದಲ ಫ್ರಿಜ್ಜುಗಳಿಗೆ ಹೊರಗಿನಿಂದ ಚಿಲಕವಿತ್ತು. ಆಟವಾಡುತ್ತ ಒಳಹೊಕ್ಕ ಮಕ್ಕಳು ಉಸಿರುಗಟ್ಟಿ ಸತ್ತ ಮೇಲೆ ಅಮೆರಿಕ 1956ರಲ್ಲಿ, ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂದು ಕಾನೂನು ಮಾಡಿತು. ಈಗಿನವಕ್ಕೆ ಅಯಸ್ಕಾಂತದ ಪಟ್ಟಿಯಿದೆ. ಕೊಟ್ಟಿಗೆಗೆ ಹೋದ ಮೇಲೆ ಅದಕ್ಕೂ ಚಿಲಕ, ಬೀಗ ಹಾಕಿಸುವವರು ನಾವು. ಆದ್ದರಿಂದ ಬಾಗಿಲನ್ನು ಕಳಚಿಯೇ ಕಳಿಸಬೇಕು. “ಬಾಗ್ಲು ತೆಗುದ್ರೆ ಇಲಿ ನುಗ್ತವೆ ಕಣಪ್ಪ” ಎಂಬ ನಾಗಮಂಗಲದ ಹಿರಿಯರ ಆಕ್ಷೇಪ ಘನವಾದದ್ದು. ಪರಿಹಾರವಾಗಿ ಜರಡಿ ಜಾಲಿ ಹೊಡೆಸಿಕೊಳ್ಳಲು ಒಪ್ಪಿದ್ದಾರೆ. ಕಳಚಿದ ಬಾಗಿಲು ಸದ್ಯ ಅವರ ನೀರಿನ ತೊಟ್ಟಿಗೆ ಮುಚ್ಚಳವಾಗಿದೆ. ಸರಿಯಾಗಿ ಕೂರುತ್ತದೆ, ಸ್ಟಾರ್ ಲೇಬಲ್ ಮೇಲ್ಮುಖವಾಗಿ.