ಸ್ವಲ್ಪ ಗ್ಯಾಸ್ಟ್ರಿಕ್ಕು

ಮಾರಿಕಣಿವೆ ಅಣೆಕಟ್ಟೆಯಲ್ಲಿ ಇವತ್ತು ಎಷ್ಟಡಿ ನೀರಿದೆ ಅಂತ ಹಿರಿಯೂರಿನವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿ, ಪಾಯಿಂಟ್ ಸಮೇತ ಹೇಳುತ್ತಾರೆ. 130 ಅಡಿ ತುಂಬಿ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022ರವರೆಗೆ 89 ವರ್ಷ ಕಾಯಿಸಿದ್ದು, ಎಲ್ಲ ಬಾಯಿಪಾಠ. ಅದೇ ಮನುಷ್ಯನ ಹೊಟ್ಟೆಯ ಸಮಾಚಾರ ಕೇಳಿ: "ಏನಿಲ್ಲ, ಸ್ವಲ್ಪ ಗ್ಯಾಸ್ಟ್ರಿಕ್ಕು."

ನಮ್ಮ ದೊಡ್ಡಪ್ಪನ 'ಸ್ವಲ್ಪ'ಕ್ಕೆ ಹನ್ನೆರಡು ವರ್ಷವಾಗಿತ್ತು. ಸಂಜೆ ಮಂಡಕ್ಕಿ ಜೊತೆ ನಾಲ್ಕು ಮೆಣಸಿನಕಾಯಿ, ರಾತ್ರಿ ಹುಳಿತೇಗು, ನಡುರಾತ್ರಿ ಎದ್ದು ಈನೋ. ನೊರೆ ಇಳಿಯುವ ಮೊದಲೇ ಗಟಗಟ ಕುಡಿಯಬೇಕು ಅನ್ನೋದು ಅವರ ಶಾಸ್ತ್ರ. ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನ ಹುಡುಗ ಇದ್ದೇ ಇದ್ದ. ಚೀಟಿ ಕೇಳುವ ಸಣ್ಣ ಬುದ್ಧಿ ಅವನಿಗಿಲ್ಲ. ಡಾಕ್ಟರಾ? "ಹೊಟ್ಟೆ ಉಬ್ಬರಕ್ಕೆಲ್ಲ ಯಾರಾದ್ರೂ ಡಾಕ್ಟ್ರ ಹತ್ರ ಹೋಗ್ತಾರೇನೋ?"

ಹೋದರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಟೀವಿಯಲ್ಲಿ ಬಂತು ನೋಡಿ, ಹನ್ನೆರಡು ವರ್ಷದ ಗ್ಯಾಸ್ಟ್ರಿಕ್ಕಿಗೆ ಒಂದೇ ಸಂಜೆಯಲ್ಲಿ ಹಾರ್ಟ್ ಅಟ್ಯಾಕ್ ಆಗಿ ಬಡ್ತಿ ಸಿಕ್ಕಿತು. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಆಗ ಜನವೋ ಜನ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಮೈಸೂರಿನ ಜಯದೇವದಲ್ಲೂ ಅದೇ ಸಾಲು. ಎದೆ ಹಳೆಯದು, ಉರಿಯೂ ಹಳೆಯದು, ಹೊಸದು ಟೀವಿಯ ಸುದ್ದಿ ಮಾತ್ರ.

ನಾವು ಮಾತ್ರ ಹೀಗೆ ಅಂತ ಹೆಮ್ಮೆಪಡುವಂತೆಯೂ ಇಲ್ಲ. ಇಂಗ್ಲೆಂಡಿನಲ್ಲಿ ಲಿಡಿಯರ್ಡ್ ಮತ್ತು ಜೋನ್ಸ್ ಅನ್ನುವವರು ಅಜೀರ್ಣದವರನ್ನು ವಿಚಾರಿಸಿ 1989ರಲ್ಲೇ ಬರೆದಿದ್ದಾರೆ: ಡಾಕ್ಟರ ಹತ್ತಿರ ಹೋದವರಿಗೂ ಹೋಗದವರಿಗೂ ಹೊಟ್ಟೆಯ ಕಷ್ಟದಲ್ಲಿ ಅಂಥ ಫರಕಿಲ್ಲ, ಹೋದವರಿಗೆ ಕ್ಯಾನ್ಸರೋ ಹೃದಯವೋ ಅನ್ನುವ ದಿಗಿಲು ಜಾಸ್ತಿ.

ದೊಡ್ಡಪ್ಪನಿಗೆ ಡಾಕ್ಟರು ಇಸಿಜಿ ತೆಗೆಸಿದರು. (ತೆಗೆಸಲೇಬೇಕು, ಹೃದಯದ ನೋವೂ ಒಮ್ಮೊಮ್ಮೆ ಗ್ಯಾಸಿನ ವೇಷ ಹಾಕಿ ಬರುತ್ತದೆ.) ಎಲ್ಲ ಸರಿಯಿತ್ತು. ದೊಡ್ಡಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದರು.

"ಕೂತ್ಕೊಳ್ಳಿ ಯಜಮಾನ್ರೇ. ಮಂಡಿನೋವಿಗೆ ಮಾತ್ರೆ ತಗೋತೀರಾ?"

"ದಿನಾ."

"ಮಲ ಕಪ್ಪಗೆ ಹೋಗುತ್ತಾ?"

"ರಾಗಿಮುದ್ದೆ ಉಂಡೋನಿಗೆ ಬೆಳ್ಳಗೆ ಹೋಗುತ್ತಾ ಸಾರ್?"

"ತೂಕ ಇಳಿದಿದೆಯಾ?"

ದೊಡ್ಡಪ್ಪನ ಮುಖ ಅರಳಿತು. "ಏಳು ಕೇಜಿ ಸಾರ್! ಏನೂ ಮಾಡ್ದೇನೇ!"

ಡಾಕ್ಟರು ನಗಲಿಲ್ಲ. ಎಂಡೋಸ್ಕೋಪಿಗೆ ಚೀಟಿ ಬರೆದುಕೊಟ್ಟರು.

ದೊಡ್ಡಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಮೆಟ್ಟಿಲಿಳಿಯುತ್ತಲೇ ಫೋನ್ ಹಚ್ಚಿದರು: "ಹಾರ್ಟು ಫಸ್ಟ್ ಕ್ಲಾಸ್ ಐತಂತೆ ಕಣೇ. ಏನಿಲ್ಲ, ಸ್ವಲ್ಪ ಗ್ಯಾಸ್ಟ್ರಿಕ್ಕು."